ಅಳಿಯಂದ್ರೇ, ತಲೆ!

ನಮ್ಮ ತೋಟದ ಮೂರನೇ ಬೋರ್‌ವೆಲ್ ಫೇಲಾದ ವಾರವೇ ನನ್ನ ಹೆಂಡತಿ ಸಮುದ್ರ ನೋಡಬೇಕು ಅಂದಳು.

ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲಾ ಸುತ್ತಿ, ಒಂದು ಕಡೆ ಕಾಯಿ ತಾನಾಗೇ ಎದ್ದು ನಿಂತಿತು ಅಂತ ಹೇಳಿ, ಅಲ್ಲೊಂದು ಕಲ್ಲಿಟ್ಟು, ದುಡ್ಡು ತಗೊಂಡು ಹೋಗಿದ್ದ. ರಿಗ್ ಲಾರಿ ರಾತ್ರಿ ಪೂರ್ತಿ ಕೊರೆಯಿತು. 1300 ಅಡಿ. ಬಂದಿದ್ದು ಬೂದಿ ಬಣ್ಣದ ಧೂಳು. ಅದೂ ನಮ್ಮ ತೋಟದಲ್ಲಿ ಇರದೆ ಪಕ್ಕದವರ ಟೊಮೆಟೊ ಗಿಡಗಳ ಮೇಲೆಲ್ಲಾ ಹೋಗಿ ಕೂತು, ಬೆಳಗ್ಗೆ ಎದ್ದ ತಕ್ಷಣ ಒಂದು ಜಗಳ ಆಯಿತು. ಮುಳಬಾಗಿಲು ಕಡೆ ಇದೆಲ್ಲಾ ಹೊಸದೇನಲ್ಲ ಬಿಡಿ. ನಮ್ಮಲ್ಲಿ ಹೆಣ್ಣು ಕೊಡುವವರು ಕೂಡ ಮೊದಲು ಬೋರಲ್ಲಿ ಎಷ್ಟಿಂಚು ನೀರಿದೆ ಅಂತಲೇ ಕೇಳುವುದು.

"ಇಷ್ಟು ದುಡ್ಡು ಮಣ್ಣಿಗೆ ಹಾಕಿದ್ದೀರಲ್ಲ, ನೀರು ಅಂದ್ರೆ ಹೇಗಿರುತ್ತೆ ಅಂತ ಒಂದ್ಸಲ ಕಣ್ಣಲ್ಲಾದ್ರೂ ನೋಡ್ಕೊಂಡ್ ಬರೋಣ ನಡೀರಿ" ಅಂದಳು. ಎದುರು ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಶಾಖಪಟ್ಟಣ ಅಂತ ತೀರ್ಮಾನ ಮಾಡಿದವನು ನಾನು. ಮಂಗಳೂರು ಇರುವಾಗ ಅದ್ಯಾಕೆ ಅಂತ ಕೇಳಿದವರಿಗೆಲ್ಲಾ ಎರಡು ಕಾರಣ ಕೊಟ್ಟೆ. ಒಂದು, ಅಲ್ಲಿ ಬೀಚಿನ ಮೇಲೆ ನಿಜವಾದ ಸಬ್‌ಮರೀನ್ ಒಂದನ್ನು ತಂದು ನಿಲ್ಲಿಸಿದ್ದಾರೆ, ಒಳಗೆಲ್ಲಾ ಓಡಾಡಬಹುದು. ಇನ್ನೊಂದು, ನನಗೆ ತೆಲುಗು ಚೆನ್ನಾಗಿ ಬರುತ್ತೆ. ಈ ಎರಡನೇ ಕಾರಣ ವಿಶಾಖಪಟ್ಟಣ ಸ್ಟೇಷನ್ನಿನಿಂದ ಹೊರಗೆ ಬಂದ ಐದೇ ನಿಮಿಷಕ್ಕೆ ಬಿದ್ದುಹೋಯಿತು. ಹುಟ್ಟಿದಾಗಿನಿಂದ ಕೋಲಾರದಲ್ಲಿ ಆಡಿದ ತೆಲುಗಿನಲ್ಲಿ ಆಟೋದವನ ಹತ್ತಿರ ರೇಟು ಕೇಳಿದೆ. ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿ ಹಿಂದಿಯಲ್ಲಿ ಉತ್ತರ ಕೊಟ್ಟ.

ಜೊತೆಗೆ ಬಂದಿದ್ದು ಅತ್ತೆ ಮಾವ. ಮಾವ ಕೆಜಿಎಫ್‌ನವರು. ಚಿನ್ನದ ಗಣಿಯಲ್ಲಿ, ಅವರ ಮಾತಲ್ಲಿ ಹೇಳುವುದಾದರೆ ಮೈನ್ಸ್‌ನಲ್ಲಿ, ಅಂಡರ್‌ಗ್ರೌಂಡ್ ಕೆಲಸ ಮಾಡಿ, ಅದು ಮುಚ್ಚುವ ತನಕ ಇದ್ದವರು. ಎತ್ತರ ಐದಡಿ ಎರಡಿಂಚು. ನಾನು ಆರಡಿ. ಹೆಣ್ಣು ನೋಡೋಕೆ ಅವರ ಲೈನ್ ಮನೆಗೆ ಹೋದ ದಿನ ಹೊಸ್ತಿಲು ದಾಟುತ್ತಲೇ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡಿದ್ದೆ. ಆಗ ಮಾವ ಒಳಗಿನಿಂದ "ತಲೆ!" ಅಂದಿದ್ದರು. ಮದುವೆ ಆದ ಮೇಲೆ ಮರ್ಯಾದೆಗೆ ಅಂತ ಮುಂದೊಂದು ಮಾತು ಸೇರಿಸಿಕೊಂಡು "ಅಳಿಯಂದ್ರೇ, ತಲೆ!" ಅಂತಾರೆ. ಹನ್ನೆರಡು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಮಾತು ಹೆಚ್ಚು ಕಮ್ಮಿ ಇದೊಂದೇ. ತೊಂದರೆ ಏನಂದರೆ ಅವರು ಅದನ್ನು ಹೇಳುವುದು ಯಾವಾಗಲೂ ತಲೆ ತಗುಲಿದ ಮೇಲೆ.

ಹೋಗಿ ಇಳಿದಿದ್ದು ಸೋಮವಾರ. ಸಬ್‌ಮರೀನ್ ಮ್ಯೂಸಿಯಂಗೆ ಸೋಮವಾರ ರಜೆ. "ಎಲ್ಲಾ ನಾನು ನೋಡ್ಕೋತೀನಿ, ನೀವು ಸುಮ್ನೆ ಬನ್ನಿ" ಅಂದವನು ನಾನೇ ಆದ್ದರಿಂದ ಮೂರೂ ಜನ ನನ್ನನ್ನೇ ನೋಡಿದರು. ಗೇಟಿನ ಹೊರಗೆ ನಿಂತು ನೋಡಿದರೆ ಅದು ಕಪ್ಪಗೆ, ಉದ್ದಕ್ಕೆ, ಮರಳಿನ ಮೇಲೆ ಮಲಗಿತ್ತು. 91 ಮೀಟರ್ ಉದ್ದ. ಅತ್ತೆ ಬಹಳ ಹೊತ್ತು ನೋಡಿ, "ಎಷ್ಟು ದೊಡ್ಡ ಗ್ಯಾಸ್ ಸಿಲಿಂಡರ್ ಅಲ್ವಾ" ಅಂದರು.

ಸರಿ, ಬಂದಿದ್ದೇ ಆಯ್ತಲ್ಲ ಅಂತ ಪಕ್ಕದಲ್ಲೇ ಆರ್‌ಕೆ ಬೀಚಲ್ಲಿ ನೀರಿಗೆ ಇಳಿದೆವು. ಅತ್ತೆ ಸೆರಗಿನ ತುದಿ ಒದ್ದೆ ಮಾಡಿಕೊಂಡು ನೀರಿಗೆ ಕೈ ಮುಗಿದರು. ಹೆಂಡತಿ ಒಂದು ಬೊಗಸೆ ಎತ್ತಿ ಬಾಯಿಗೆ ಹಾಕಿಕೊಂಡು, ಥೂ ಅಂತ ಉಗಿದು, "ಇಷ್ಟಿದ್ದೂ ಪ್ರಯೋಜನ ಇಲ್ಲ" ಅಂದಳು. ನಾನು ಚಪ್ಪಲಿ ಹಾಕಿಕೊಂಡೇ ಇಳಿದಿದ್ದೆ. ಒಂದು ಅಲೆ ಬಂದು, ಹೋಗುವಾಗ ಎಡಗಾಲಿನದ್ದನ್ನು ತಗೊಂಡು ಹೋಯಿತು. ಅದರ ಹಿಂದೆ ನಾಲ್ಕು ಹೆಜ್ಜೆ ಓಡಿದೆ. ಪ್ಯಾಂಟು ಒದ್ದೆಯಾಯಿತು, ಚಪ್ಪಲಿ ಸಿಗಲಿಲ್ಲ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದವನ ಹತ್ತಿರ ನನ್ನ ಸೈಜಿಗೆ ಇದ್ದದ್ದು ಒಂದೇ ಜೊತೆ, ಅದಕ್ಕೆ ಎರಡು ಬೆರಳು ದಪ್ಪದ ಅಟ್ಟೆ. ಕೊಂಡು ಹಾಕಿಕೊಂಡೆ. ಮಾವ ಕೆಳಗಿನಿಂದ ಮೇಲಕ್ಕೆ ಒಂದು ಸಲ ನೋಡಿದರು. ಏನೂ ಹೇಳಲಿಲ್ಲ.

ಮಂಗಳವಾರ ಟಿಕೆಟ್ ತಗೊಂಡು ಒಳಗೆ ಹೋದೆವು.

ಐಎನ್‌ಎಸ್ ಕುರ್ಸುರಾ ಅಂತ ಅದರ ಹೆಸರು. ಸೋವಿಯತ್ ರಷ್ಯಾದಲ್ಲಿ ಕಟ್ಟಿದ್ದು. 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. 1971ರ ಯುದ್ಧದ ಹೊತ್ತಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತ್ತು. ರಿಟೈರ್ ಆದ ಮೇಲೆ ದಡಕ್ಕೆ ಎಳೆದು ತಂದು 2002ರಲ್ಲಿ ಮ್ಯೂಸಿಯಂ ಮಾಡಿದರು. ಇಷ್ಟನ್ನು ನಾನು ಮೊದಲೇ ಓದಿಕೊಂಡು ಹೋಗಿದ್ದೆ, ಮೆಟ್ಟಿಲು ಹತ್ತುವಾಗ ಮೂವರಿಗೂ ಹೇಳಿದೆ ಕೂಡ. ಓದಿದ್ದರಲ್ಲಿ ಎಲ್ಲೂ ಬರೆದಿರದ ವಿಷಯ ಒಂದಿತ್ತು. ಸಬ್‌ಮರೀನ್ ಒಳಗೆ ಬಾಗಿಲು ಇರುವುದಿಲ್ಲ, ತೂತು ಇರುತ್ತೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಪ್ಪ ಕಬ್ಬಿಣದ ಗೋಡೆ, ಗೋಡೆಯ ನಡುವೆ ದುಂಡಗಿನ ಒಂದು ತೂತು, ನಮ್ಮ ಹಳೇ ಬಾವಿಯ ರಾಟೆ ಚಕ್ರಕ್ಕಿಂತ ಸ್ವಲ್ಪ ದೊಡ್ಡದು. ಒಂದು ಕೋಣೆಗೆ ನೀರು ನುಗ್ಗಿದರೆ ಆ ತೂತು ಮುಚ್ಚಿ ಉಳಿದವರು ಬದುಕಿಕೊಳ್ಳಲಿ ಅಂತ ಹಾಗೆ ಮಾಡಿರುತ್ತಾರಂತೆ.

ಮೊದಲನೇ ತೂತಿನಲ್ಲಿ ನಾನು ದೇವಸ್ಥಾನದ ಗರ್ಭಗುಡಿ ಮುಂದೆ ಬಗ್ಗುವ ಹಾಗೆ ತಲೆ ಬಗ್ಗಿಸಿ ನುಗ್ಗಿದೆ. ಅಟ್ಟೆಯ ಎರಡು ಬೆರಳು ಲೆಕ್ಕಕ್ಕೆ ತಗೊಂಡಿರಲಿಲ್ಲ. ಟಣ್ ಅಂತ ಸದ್ದಾಯಿತು.

"ಅಳಿಯಂದ್ರೇ, ತಲೆ!"

ಮಾವ ಆಗಲೇ ಆ ಕಡೆ ಹೋಗಿ ನಿಂತಿದ್ದರು. ಹೇಗೆ ಹೋದರು ಅಂತಲೇ ಗೊತ್ತಾಗಲಿಲ್ಲ. ಎರಡನೇ ತೂತಿನಲ್ಲಿ ಸರಿಯಾಗಿ ನೋಡಿದೆ. ಮೇಲಿನ ಅಂಚನ್ನು ಕೈಯಲ್ಲಿ ಹಿಡಿದು, ಮೊದಲು ಒಂದು ಕಾಲು ಆಚೆ ಇಟ್ಟು, ಸೊಂಟ ದಾಟಿಸಿ, ಕೊನೆಗೆ ತಲೆ. ಎಲ್ಲಾ ಒಂದೇ ಉಸಿರಿಗೆ. ಎಪ್ಪತ್ತು ದಾಟಿದ ಮನುಷ್ಯ, ಮನೆಯಲ್ಲಿ ಸೋಫಾದಿಂದ ಏಳುವಾಗ ಮೂರು ಸಲ ಅಮ್ಮಾ ಅನ್ನುವವರು, ಇಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಮೈನ್ಸಲ್ಲಿ ಬಗ್ಗಿ ನಡೆದ ಬೆನ್ನು ಅದನ್ನು ಮರೆತಿರಲಿಲ್ಲ ಅಂತ ಕಾಣುತ್ತೆ. ನಾನು ಹಾಗೇ ಮಾಡಲು ಹೋಗಿ ಮೊದಲು ಕಾಲಿಟ್ಟೆ, ಸೊಂಟ ಸಿಕ್ಕಿಹಾಕಿಕೊಂಡಿತು. ಹಿಂದೆ ಕ್ಯೂ. ಯಾರದೋ ಮಗು ತೆಲುಗಿನಲ್ಲಿ "ಅಂಕಲ್ ಇರುಕ್ಕುಪೋಯಾಡು" ಅಂತ ಕೂಗಿತು. ಇದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಎರಡನೇ ಟಣ್.

ಒಳಗೆ ವಿವರಿಸಲು ಇದ್ದವರು ನೌಕಾಪಡೆಯಲ್ಲೇ ಕೆಲಸ ಮಾಡಿ ರಿಟೈರ್ ಆದವರು. ಟಾರ್ಪೆಡೋ ಹಾರಿಸುವ ಕೊಳವೆಗಳನ್ನು ತೋರಿಸಿದರು. ಮುಂದೆ ಆರು, ಹಿಂದೆ ನಾಲ್ಕು. ಒಟ್ಟು 22 ಟಾರ್ಪೆಡೋ ಇಟ್ಟುಕೊಳ್ಳಬಹುದಿತ್ತಂತೆ, ಅವುಗಳ ಪಕ್ಕದಲ್ಲೇ ಮಲಗುವ ಹಲಗೆಗಳು. 75 ಜನ ಇದರಲ್ಲಿ ವಾರಗಟ್ಟಲೆ ಇರುತ್ತಿದ್ದರು, ಕುಡಿಯುವ ನೀರಿಗೆ ಲೆಕ್ಕ, ಸ್ನಾನದ ಮಾತೇ ಎತ್ತುವ ಹಾಗಿಲ್ಲ ಅಂದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಸುತ್ತಾ ನೀರು, ಸ್ನಾನಕ್ಕೆ ಇಲ್ವಾ?" ಅಂದರು ಅತ್ತೆ. "ಟ್ಯಾಂಕರ್ ಬರಲ್ವೇನು?"

ಎಲ್ಲರೂ ಟಾರ್ಪೆಡೋ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಮಾವ ಮೇಲೆ ಚಾವಣಿಯ ಪೈಪುಗಳನ್ನೇ ನೋಡುತ್ತಾ ನಿಂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಗಾಳಿ ಎಲ್ಲಿಂದ?"

ಗೈಡ್ ತಿರುಗಿ ಅವರನ್ನು ನೋಡಿದರು. ಅಲ್ಲಿಯ ತನಕ ಕಂಠಪಾಠ ಒಪ್ಪಿಸುತ್ತಿದ್ದವರು ಈಗ ಮನೆಗೆ ನೆಂಟರು ಬಂದ ಹಾಗೆ ಮಾತಾಡಲು ಶುರು ಮಾಡಿದರು. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ಅದಕ್ಕೆ ಅದನ್ನು ನೀರಿನ ಮೇಲೆ ಬಂದಾಗ ಮಾತ್ರ, ಇಲ್ಲಾ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿಕೊಂಡು ಓಡಿಸಬೇಕು. ಕೆಳಗೆ ಮುಳುಗಿದ ಮೇಲೆ ಬರೀ ಬ್ಯಾಟರಿ, ಬ್ಯಾಟರಿ ಇಳಿದರೆ ಮತ್ತೆ ಮೇಲೆ ಬರಲೇಬೇಕು, ಮೇಲೆ ಬಂದರೆ ಶತ್ರು ಕಣ್ಣಿಗೆ ಬೀಳುವ ಭಯ. ಮಾವ ತಲೆ ಆಡಿಸುತ್ತಾ ಆಡಿಸುತ್ತಾ ಏನೇನೋ ಕೇಳುತ್ತಿದ್ದರು. ಅರ್ಧ ತಮಿಳು ಬೆರೆತ ಅವರ ಕೆಜಿಎಫ್ ತೆಲುಗು ಆ ಮನುಷ್ಯನಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಇರಬೇಕು, ನಾನೂ ಒಂದು ಪ್ರಶ್ನೆ ಹಾಕಿದೆ. ಇದು ಎಷ್ಟು ಆಳಕ್ಕೆ ಹೋಗುತ್ತಿತ್ತು?

ಸುಮಾರು 250 ಮೀಟರ್ ಅಂದರು, ಹೆಮ್ಮೆಯಿಂದ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. 820 ಅಡಿ.

"ಅಷ್ಟೇನಾ? ನಮ್ಮ ಬೋರ್‌ವೆಲ್ಲೇ 1300 ಅಡಿ" ಅಂದುಬಿಟ್ಟೆ.

ಅವರು ಎರಡು ಕ್ಷಣ ಸುಮ್ಮನಾಗಿ, "ನೀರು ಬಂತಾ?" ಅಂತ ಕೇಳಿದರು.

ಹೆಂಡತಿ ನಕ್ಕಿದ್ದು ಹಿಂದಿನ ಎಂಜಿನ್ ರೂಮಿನ ತನಕ ಕೇಳಿಸಿರುತ್ತೆ.

ಆಮೇಲೆ ಅವರು ಮಾವನ ಕಡೆ ತಿರುಗಿ, ನೀವೇನು ಕೆಲಸ ಮಾಡ್ತಿದ್ರಿ, ಗಾಳಿ ವಿಷಯ ಹೀಗೆ ಕೇಳೋರು ಕಮ್ಮಿ ಅಂದರು. ಮಾವ ಹೇಳಿದರು. ಗಣಿ ಎಷ್ಟು ಆಳ ಅಂತ ಇವರು ಕೇಳಿದ್ದಕ್ಕೆ ಮಾವ ದನಿ ಏರಿಸದೆ, "ಚಾಂಪಿಯನ್ ರೀಫಲ್ಲಿ 3200 ಮೀಟರು" ಅಂದರು. ಇನ್ನೂ ಮೆತ್ತಗೆ, "ನಾನು ಅಷ್ಟು ಕೆಳಗೆ ಹೋಗಿಲ್ಲ, ಅರ್ಧ ಅಷ್ಟೇ" ಅಂತ ಸೇರಿಸಿದರು. ಅರ್ಧ ಅಂದರೂ ಈ ಸಬ್‌ಮರೀನ್ ಆರು ಸಲ ಮುಳುಗಬೇಕು. ಗೈಡ್ ಏನೂ ಮಾತಾಡದೆ ಪಕ್ಕದ ಒಂದು ವಾಲ್ವ್ ಚಕ್ರವನ್ನು ಸುಮ್ಮನೆ ಒರೆಸಿದರು. ಅದು ಮೊದಲೇ ಹೊಳೆಯುತ್ತಿತ್ತು.

"ಈಗಲೂ ನಡೀತಿದ್ಯಾ ನಿಮ್ಮ ಮೈನ್ಸು?"

"ಎಲ್ಲಿ. 2001ರಲ್ಲೇ ಮುಚ್ಚಿದ್ರು. ಫೆಬ್ರವರಿ 28."

"ಇದನ್ನ ನೌಕಾಪಡೆಯಿಂದ ಬಿಡುಗಡೆ ಮಾಡಿದ್ದು 2001, ಫೆಬ್ರವರಿ 27" ಅಂದರು ಗೈಡ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಹಿಂದಿನ ಕ್ಯೂ ಕೂಡ ಒಂದು ಗಳಿಗೆ ಗಲಾಟೆ ನಿಲ್ಲಿಸಿತ್ತು. ಅತ್ತೆ ಸೆರಗಿನ ಅಂಚು ಹಿಡಿದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆ ದಿನದ ನಂತರದ ಕೆಲವು ವರ್ಷ ಆ ಮನೆಯಲ್ಲಿ ಹೇಗಿತ್ತು ಅಂತ ನನ್ನ ಹೆಂಡತಿ ಒಂದೆರಡು ಸಲ ಹೇಳಿದ್ದಾಳೆ, ಜಾಸ್ತಿ ಹೇಳಿಲ್ಲ. ನನಗೂ ಗಂಟಲು ಕಟ್ಟಿದ ಹಾಗಾಯಿತು. ಏನಾದರೂ ಒಂದು ಒಳ್ಳೇ ಮಾತು ಹೇಳೋಣ ಅಂತ ಮುಂದೆ ಒಂದು ಹೆಜ್ಜೆ ಇಟ್ಟು, ನೆಟ್ಟಗೆ ನಿಂತೆ.

ಟಣ್.

ಇದು ಮೂರನೆಯದು, ಮೂರರಲ್ಲೂ ದೊಡ್ಡದು. ಯಾವುದೋ ಪೈಪು. ಇಬ್ಬರೂ ಒಟ್ಟಿಗೆ ಕೂಗಿದರು, ಮಾವ "ಅಳಿಯಂದ್ರೇ, ತಲೆ!" ಅಂತ, ಗೈಡ್ "ತಲ, ತಲ!" ಅಂತ.

ಅಲ್ಲಿಂದ ಮುಂದೆ ಮಾವ ಒಂದು ವ್ಯವಸ್ಥೆ ಮಾಡಿದರು. ಪ್ರತಿ ತೂತನ್ನೂ ತಾವು ಮೊದಲು ದಾಟಿ, ಈ ಕಡೆ ತಿರುಗಿ, ಮೇಲಿನ ಅಂಚಿಗೆ ಅಂಗೈ ಒತ್ತಿ ಹಿಡಿದು ನಿಲ್ಲುವುದು. ನಾನು ನುಗ್ಗಿದರೆ ತಲೆ ಕಬ್ಬಿಣಕ್ಕೆ ತಗುಲದೆ ಅವರ ಅಂಗೈಗೆ ತಗುಲಲಿ ಅಂತ. ಪ್ರೀತಿಯಿಂದ ಮಾಡಿದ್ದು, ಇಲ್ಲ ಅನ್ನೋಕಾಗುತ್ತಾ. ಆದರೆ ಅಷ್ಟು ವರ್ಷ ಬಂಡೆ ಒಡೆದ ಅಂಗೈ ಅದು. ನನ್ನ ತಲೆಗೆ ಹೆಚ್ಚು ವ್ಯತ್ಯಾಸವೇನೂ ಗೊತ್ತಾಗಲಿಲ್ಲ. ಮೂರು ದೊಡ್ಡ ಡೀಸೆಲ್ ಎಂಜಿನ್ ಇರುವ ಕೋಣೆಯನ್ನು ನಾನು ನೋಡಿದ್ದು ನೀರು ತುಂಬಿದ ಕಣ್ಣಲ್ಲಿ. ಹೆಂಡತಿ ತೆಗೆದ ಫೋಟೋ ಇದೆ. ಮಾವ ಕೈ ಮೇಲೆ ಮಾಡಿ ಕಂಡಕ್ಟರ್ ಹಾಗೆ ನಿಂತಿದ್ದಾರೆ, ತೂತಿನಲ್ಲಿ ನನ್ನ ಅರ್ಧ ಮುಖ. ಇಡೀ ನೆಂಟರ ಗ್ರೂಪಿನಲ್ಲಿ ಅದು ಓಡಾಡಿತು. ಯಾರೋ ಅದರ ಕೆಳಗೆ ಹೆರಿಗೆ ಸುಸೂತ್ರ ಆಯ್ತಾ ಅಂತ ಬರೆದಿದ್ದರು.

ಹೊರಗೆ ಬಂದ ಮೇಲೆ ಅತ್ತೆ ತಣ್ಣಗಿನ ಗೋಲಿ ಸೋಡಾ ಕೊಂಡು, ನನಗೆ ಕುಡಿಯಲು ಕೊಡದೆ ಬಾಟಲಿಯನ್ನು ನೆತ್ತಿಯ ಮೇಲೆ ಒತ್ತಿ ಹಿಡಿದರು. ರಸ್ತೆಯ ಆ ಕಡೆ ಟಿಯು-142 ಅಂತ ನೌಕಾಪಡೆಯ ದೊಡ್ಡ ವಿಮಾನವನ್ನೂ ಹೀಗೇ ಮ್ಯೂಸಿಯಂ ಮಾಡಿದ್ದಾರೆ. ಅದರ ಬಾಗಿಲು ದೂರದಿಂದಲೇ ನೋಡಿ ನಾನು ಬರಲ್ಲ ಅಂದೆ. ಮೂವರೂ ಹೋಗಿ ನೋಡಿಕೊಂಡು ಬಂದರು. ನಾನು ಕಲ್ಲು ಬೆಂಚಿನ ಮೇಲೆ ಸೋಡಾ ಬಾಟಲಿ ತಲೆ ಮೇಲೆ ಇಟ್ಟುಕೊಂಡು ಕೂತಿದ್ದೆ, ನಮ್ಮ ಪಾಯಿಂಟ್ ನೋಡುವವನ ತೆಂಗಿನಕಾಯಿ ನೆನಪಾಗುತ್ತಿತ್ತು. ಹೋಗಿ ಬರುವವರೆಲ್ಲಾ ನೋಡುತ್ತಿದ್ದರು. ಎದುರಿಗೆ ಅಷ್ಟು ದೊಡ್ಡ ಸಮುದ್ರ ಇತ್ತು, ಅದನ್ನು ನೋಡಬಾರದಾ?

ವಾಪಸ್ ಬರುವಾಗ ರೈಲಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅವನದೇ ಫೋನ್ ಬಂತು. ತೋಟದ ಈಶಾನ್ಯ ಮೂಲೆಯಲ್ಲಿ ಹೊಸ ಪಾಯಿಂಟ್ ಸಿಕ್ಕಿದೆ ಅಣ್ಣಾ, ಈ ಸಲ 1500 ಅಡಿಗೆ ಹೋಗೋಣ, ಗ್ಯಾರಂಟಿ ಅಂದ. ನಾನು ಫೋನ್ ಮೇಲೆ ಕೈ ಮುಚ್ಚಿ, ಇಂಥ ವಿಷಯ ಗೊತ್ತಿರುವವರು ಪಕ್ಕದಲ್ಲೇ ಇದ್ದಾರಲ್ಲ ಅಂತ ಮಾವನನ್ನು ಕೇಳಿದೆ.

ಮಾವ ಹೊದಿಕೆಯನ್ನು ಕಾಲಿನ ತನಕ ಎಳೆದುಕೊಳ್ಳುತ್ತಾ ಸ್ವಲ್ಪ ಯೋಚನೆ ಮಾಡಿದರು.

"ಬೇಡ ಅಳಿಯಂದ್ರೇ. ನಮ್ಮ ಕಡೆ ಅಷ್ಟು ಆಳಕ್ಕೆ ಹೋದ್ರೆ ಸಿಗೋದು ಚಿನ್ನ, ನೀರಲ್ಲ."

ಮೇಲಿನ ಬರ್ತ್‌ನಿಂದ, ನಿದ್ದೆ ಮಾಡಿದ್ದಾಳೆ ಅಂದುಕೊಂಡಿದ್ದ ಹೆಂಡತಿಯ ದನಿ ಕೇಳಿಸಿತು. "ಹಾಗಾದ್ರೆ ಕೊರೆಸಿಬಿಡಿ."