ಮೊದ್ಲು ಮೇಲೆ ನೋಡಿ ಸಾರ್

ಕಾರಿನ ಹಿಂಭಾಗದ ಕೆಳಗೆ, ನೆಲದ ಮೇಲೆ ಒಂದು ಕಪ್ಪು ತೊಟ್ಟು ಕಂಡಾಗ ನಾನು ಮಾಡಿದ ಮೊದಲ ಕೆಲಸ ಅದನ್ನು ಚಪ್ಪಲಿಯಲ್ಲಿ ಉಜ್ಜಿದ್ದು. ಮಾರನೆಯ ದಿನ ಮತ್ತೆ ಒಂದು ತೊಟ್ಟು. ಮತ್ತೆ ಉಜ್ಜಿದೆ. ಮೂರನೆಯ ದಿನ ಹೆಂಡತಿ ಒಂದು ಮಾತೂ ಆಡದೆ ಹಳೇ ರಟ್ಟೊಂದನ್ನು ತಂದು ಕಾರಿನ ಕೆಳಗೆ ತಳ್ಳಿದಳು. ಹಾಸಿಗೆ ಒದ್ದೆ ಮಾಡುವ ಮಗುವಿನ ಅಡಿಗೆ ರಬ್ಬರ್ ಶೀಟ್ ಹಾಸುತ್ತಾರಲ್ಲ, ಹಾಗೆ. ಆರು ಸಿಲಿಂಡರಿನ ಕಾರು ಅದು. ಸ್ಟಾರ್ಟ್ ಮಾಡಿದರೆ ಕಿಟಕಿ ಗಾಜು ನಡುಗುತ್ತದೆ. ಅದಕ್ಕೆ ಈ ಗತಿ.

ಬೆರಳಲ್ಲಿ ಮುಟ್ಟಿ ಮೂಸಿ ನೋಡಿದೆ. ಮೂಸಬಾರದಿತ್ತು. ಕೊಳೆತ ಮೊಟ್ಟೆಯನ್ನು ಸುಟ್ಟ ರಬ್ಬರಿನಲ್ಲಿ ಸುತ್ತಿಟ್ಟ ಹಾಗಿತ್ತು. ಹಿಂಭಾಗದಲ್ಲಿ ಈ ವಾಸನೆಯ ಎಣ್ಣೆ ಇರುವುದು ಒಂದೇ ಕಡೆ, ಹಿಂದಿನ ಎರಡು ಚಕ್ರಗಳ ನಡುವಿನ ಗೇರು ಡಬ್ಬಿಯಲ್ಲಿ, ಅಂದರೆ ಡಿಫರೆನ್ಷಿಯಲ್‌ನಲ್ಲಿ.

ಪಾಪ, ಆ ಡಿಫರೆನ್ಷಿಯಲ್‌ನದು ಕಷ್ಟದ ಬದುಕು. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಓಡಬೇಕು, ಒಳಗಿನದು ಕಡಿಮೆ. ಎರಡರ ನಡುವೆ 1.5 ಮೀಟರ್ ಅಂತರವಿದ್ದರೆ, ಒಂದು ಪೂರ್ತಿ ಸುತ್ತು ಹಾಕುವಷ್ಟರಲ್ಲಿ ಹೊರಗಿನ ಚಕ್ರ ಸುಮಾರು 9.4 ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ಚಿಕ್ಕದಿರಲಿ, ದೊಡ್ಡದಿರಲಿ, ಲೆಕ್ಕ ಅಷ್ಟೇ. ಎರಡನ್ನೂ ಒಂದೇ ಕಂಬಿಗೆ ಬಿಗಿದರೆ ದಿನಾ ಜಗಳ. ನಡುವೆ ಕೂತು ಆ ಜಗಳ ಬಿಡಿಸುವ ಹಿರಿಯನೇ ಡಿಫರೆನ್ಷಿಯಲ್. ಅದರೊಳಗಿನ ಪಿನಿಯನ್ ಎಂಬ ಸಣ್ಣ ಗೇರು ದೊಡ್ಡ ಗೇರಿನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗೆ ಸೇರುತ್ತದೆ. ಹೈಪಾಯ್ಡ್ ಗೇರು ಎನ್ನುತ್ತಾರೆ. 1926ರಲ್ಲಿ ಪ್ಯಾಕಾರ್ಡ್ ಕಾರಿನಲ್ಲಿ ಬಂತು. ಇದರಿಂದ ಎಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟು ಕೆಳಗಿಳಿದು ಕಾರಿನ ನೆಲ ತಗ್ಗಿತು, ಸರಿ. ಆದರೆ ಹಲ್ಲುಗಳು ಉರುಳುವುದರ ಜತೆಗೆ ಒಂದರ ಮೇಲೊಂದು ಜೋರಾಗಿ ಉಜ್ಜಿಕೊಳ್ಳತೊಡಗಿದವು. ಆ ಉಜ್ಜಾಟ ತಡೆಯಲು ಎಣ್ಣೆಗೆ ಗಂಧಕದ ಸಂಯುಕ್ತಗಳನ್ನು ಬೆರೆಸಬೇಕು. ಅಂದರೆ ಅವತ್ತು ಯಾರೋ ಎಂಜಿನಿಯರು ಕಾರಿನ ನೆಲ ತಗ್ಗಿಸಿದ್ದಕ್ಕೆ ಇವತ್ತು ನನ್ನ ಬೆರಳು ನಾರುತ್ತಿದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನ ಸುತ್ತ ಸುತ್ತಿಗೆ ಸದ್ದು, ಯಾವುದೋ ಎಂಜಿನ್ನಿನ ಅಬ್ಬರ. ನಡುವೆ ಅವನ ದನಿ ಕೇಳಿಸಿತು, "ಮೊದ್ಲು ಮೇಲೆ ನೋಡಿ ಸಾರ್. ಆಮೇಲೆ ಸೀಲಿಗೆ ಕೈ ಹಾಕಿ." ಎಂಥ ಭಕ್ತಿವಂತ ಎಂದುಕೊಂಡೆ. ಆಕಾಶ ನೋಡಿ ಕೈಮುಗಿದು ಕಾರಿನ ಕೆಳಗೆ ಹೋಗಲು ಸಿದ್ಧನಾದೆ.

ಸಿದ್ಧನಾದೆ ಅಷ್ಟೇ, ಹೋಗಲಾಗಲಿಲ್ಲ. ನನ್ನ ಕಾರು ನೆಲಕ್ಕೆ ಎಷ್ಟು ಹತ್ತಿರ ಇದೆ ಎಂದರೆ ಅದನ್ನು ಎತ್ತಬೇಕಾದ ಜಾಕೇ ಅಡಿಗೆ ಹೋಗುವುದಿಲ್ಲ. ಜಾಕ್ ತೂರಿಸಲು ಕಾರು ಎತ್ತಬೇಕು, ಕಾರು ಎತ್ತಲು ಜಾಕ್ ತೂರಿಸಬೇಕು. ಕೊನೆಗೆ ಮರದ ಹಲಗೆಗಳ ಮೇಲೆ ಕಾರು ಹತ್ತಿಸಿ, ಆಮೇಲೆ ಜಾಕ್ ಹಾಕಿ, ನಾಲ್ಕು ಮೂಲೆಗೂ ಸ್ಟ್ಯಾಂಡ್ ಕೊಟ್ಟೆ. ನಾಲ್ಕೂ ಮೂಲೆ ಯಾಕೆ ಅಂದರೆ ಎಣ್ಣೆಯ ಮಟ್ಟ ಸರಿಯಾಗಿ ಸಿಗಲು ಕಾರು ಸಮತಟ್ಟಾಗಿ ನಿಲ್ಲಬೇಕು. ಬರೀ ಜಾಕ್ ನಂಬಿಕೊಂಡು ಕಾರಿನ ಕೆಳಗೆ ನುಗ್ಗುವವರಿಗೆ ಧೈರ್ಯ ಇರಬಹುದು, ಬುದ್ಧಿ ಇದೆ ಅಂತ ನಾನಂತೂ ಹೇಳಲಾರೆ.

ಕೆಳಗೆ ಮಲಗಿ ನೋಡಿದರೆ ಒಂದು ಕ್ಷಣ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಕಳೆದ ವರ್ಷ ತುಕ್ಕು ಹಿಡಿಯಬಾರದೆಂದು ಕಾರಿನ ಹೊಟ್ಟೆಗೆಲ್ಲ ನಾನೇ ಕಪ್ಪು ಬಣ್ಣ ಬಳಿದಿದ್ದೆ. ಎರಡು ಕೋಟ್. ಬ್ರಷ್ ಹೋಗದ ಸಂದಿಗೆ ಬೆರಳು ಹಾಕಿ ಮೆತ್ತಿದ್ದೆ. ಒಂದು ಇಂಚೂ ಬಿಟ್ಟಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಸೋರಿಕೆ ಎಲ್ಲಿಂದ ಎಂದು ಕಂಡುಹಿಡಿಯುವುದು ಸುಲಭವಲ್ಲ. ತಿರುಗುವ ಶಾಫ್ಟು ಎಣ್ಣೆಯನ್ನು ಸುತ್ತ ಎರಚುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಒರೆಸುತ್ತದೆ. ಸೋರಿದ್ದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಅದಕ್ಕೊಂದು ಹಳೆಯ ಉಪಾಯ ಇದೆ. ಪೂರ್ತಿ ಒರೆಸಿ ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬರುವುದು. ಬಿಳಿ ಪೌಡರಿನ ಮೇಲೆ ಎಣ್ಣೆ ಹರಿದ ದಾರಿ ಎದ್ದು ಕಾಣುತ್ತದೆ. ಮಗಳು ಬಗ್ಗಿ ನೋಡಿ ಒಳಗೆ ಓಡಿದಳು, "ಅಮ್ಮಾ, ಅಪ್ಪ ಕಾರಿಗೆ ಪೌಡರ್ ಹಾಕ್ತಾ ಇದ್ದಾರೆ!" ಒಳಗಿನಿಂದ ಉತ್ತರ ಬಂತು, "ಹಾಕ್ಲಿ ಬಿಡು, ಕಾಡಿಗೆ ಒಂದು ಕೇಳದಿದ್ರೆ ಸಾಕು."

ಓಡಿಸಿ ಬಂದು ನೋಡಿದರೆ ಬಲಗಡೆ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟು ಹೊರಬರುವ ಜಾಗದಲ್ಲಿ ಪೌಡರ್ ಒದ್ದೆ. ಎಣ್ಣೆ ತಡೆಯುವ ಸೀಲು ಹೋಗಿದೆ. ಸಿಕ್ಕಿಬಿದ್ದ ಕಳ್ಳ!

ಡಿಫರೆನ್ಷಿಯಲ್‌ಗೆ ಎರಡು ಪ್ಲಗ್. ಕೆಳಗಿನದರಿಂದ ಎಣ್ಣೆ ಇಳಿಸಬೇಕು, ಮೇಲಿನದರಿಂದ ತುಂಬಬೇಕು. ಮೇಲಿನದು ಬಿಚ್ಚಿಕೊಳ್ಳುತ್ತದೆ ಅಂತ ಖಾತ್ರಿ ಮಾಡಿಕೊಳ್ಳದೆ ಕೆಳಗಿನದನ್ನು ಮುಟ್ಟಬಾರದು. ಇದು ನನಗೆ ಗೊತ್ತಿತ್ತು. ಇನ್ನೊಬ್ಬರಿಗೆ ಹೇಳಿಯೂ ಇದ್ದೆ. ಆದರೆ ಕೆಳಗಿನದಕ್ಕೆ ಆಲೆನ್ ಕೀ ಹಾಕಿ ಸುಮ್ನೆ ಒಮ್ಮೆ ತಿರುಗಿಸಿ ನೋಡಿದೆ ಅಷ್ಟೆ, ನೆಂಟರ ಮನೆ ಬಾಗಿಲಿನ ಹಾಗೆ ಸಲೀಸಾಗಿ ತೆರೆದುಕೊಂಡಿತು. ಎಣ್ಣೆ ಟ್ರೇಗೆ ಬಿತ್ತು, ತೋಳಿಗೆ ಬಿತ್ತು, ತೋಳಿನ ಮೂಲಕ ಕಂಕುಳಿಗೂ ಹೋಯಿತು. ಪ್ಲಗ್ಗಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿತ್ತು. ಅದು ಮಾಮೂಲಿ ಸವೆತ, ಹೆದರಬೇಕಿಲ್ಲ. ಹಲ್ಲಿನ ಚೂರು ಸಿಕ್ಕಿದ್ದರೆ ಅಳಬೇಕಿತ್ತು. ಖುಷಿಯಿಂದ ಮೇಲಿನ ಪ್ಲಗ್ಗಿಗೆ ಕೈ ಹಾಕಿದೆ.

ಅದು ಅಲುಗಲಿಲ್ಲ.

ಎರಡೂ ಕೈ ಹಾಕಿದೆ. ಕಾಲು ಕೊಟ್ಟು ಒದ್ದೆ. ಆಲೆನ್ ಕೀಗೆ ಪೈಪು ತೂರಿಸಿ ಎಳೆದೆ. ಎಣ್ಣೆ ಪೂರ್ತಿ ಖಾಲಿ, ತುಂಬುವ ದಾರಿ ಬಂದ್, ಕಾರು ಆಕಾಶದಲ್ಲಿ. ಸೋರುವಾಗ ಓಡಾಡುತ್ತಿದ್ದ ಕಾರನ್ನು ಅರ್ಧ ಗಂಟೆಯಲ್ಲಿ ಓಡಲಾರದಂತೆ ಮಾಡಿ ಮುಗಿಸಿದ್ದೆ. ಆಗ ನೆನಪಾಯಿತು, ಹೊರಕವಚ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಕಾಯಿಸಿದರೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹೆಂಡತಿಯ ಹೇರ್ ಡ್ರೈಯರ್ ತಂದೆ. ಕೇಳಿ ತಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಪ್ಪತ್ತು ನಿಮಿಷ ಊದಿದೆ. ಪ್ಲಗ್ ಒಣಗಿತು, ಅಷ್ಟೆ. ಮಾರನೆಯ ದಿನ ಗೆಳೆಯನಿಂದ ಹೀಟ್ ಗನ್ ತಂದು ಕಾಯಿಸಿದ ಮೇಲೆ ಒಂದು ದೊಡ್ಡ 'ಟಕ್' ಸದ್ದಾಯಿತು. ಪ್ಲಗ್ಗೋ ನನ್ನ ಬೆನ್ನೋ ಎಂದು ಮೊದಲು ತಿಳಿಯಲಿಲ್ಲ. ಪ್ಲಗ್ಗೇ. ಬೆನ್ನಿನ ಸದ್ದು ಆಮೇಲೆ ಬಂತು. ಹೇರ್ ಡ್ರೈಯರ್ ಮಾತ್ರ ಆ ವಾಸನೆ ಹಿಡಿದು, ಇನ್ನು ಇದು ನಿಮಗೇ ಇರಲಿ ಎಂದು ನನಗೆ ಕೊಡಲಾಯಿತು.

ಸೈಲೆನ್ಸರ್ ಬಿಚ್ಚಿದ ಕಥೆ ಬೇಡ. ಬಿಚ್ಚಿದೆ.

ಆಯಿಲ್ ಸೀಲ್ ಅಂದರೆ ನೋಡಲು ಒಂದು ರಬ್ಬರ್ ಬಳೆ. ಅದರ ತುಟಿ ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಂಡಿರಲಿ ಅಂತ ಹಿಂದುಗಡೆ ಕೂದಲೆಳೆಯಂಥ ಸ್ಪ್ರಿಂಗೊಂದು ಉಂಗುರದ ಹಾಗೆ ಕೂತಿರುತ್ತದೆ. ಹೊಸ ಸೀಲನ್ನು ಓರೆಯಾಗದಂತೆ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ನಾನು ಸುತ್ತಲೂ ಸಮನಾಗಿ ತಟ್ಟಿದೆ. ಕೊನೆಯ ಪೆಟ್ಟು ಮಾತ್ರ ಸ್ವಲ್ಪ ಪ್ರೀತಿಯಿಂದ ಬಿತ್ತು. ಶಾಫ್ಟು ಕೂರಿಸಿ, ಕೈಪಂಪಿನಲ್ಲಿ ಹೊಸ ಎಣ್ಣೆ ತುಂಬಿ, ಮೇಲಿನ ತೂತಿನಿಂದ ತುಳುಕುವವರೆಗೂ ಕಾದು, ಪ್ಲಗ್ ಬಿಗಿದು, ಸೈಲೆನ್ಸರ್ ಕಟ್ಟಿ, ಕೈ ತೊಳೆದು ಬಂದೆ. ಮಗಳು ರಟ್ಟಿನ ಮೇಲಿಂದ ಏನೋ ಎತ್ತಿಕೊಂಡು ಬಂದು ಕೇಳಿದಳು, "ಅಪ್ಪಾ, ಈ ಪುಟಾಣಿ ಬಳೆ ಯಾರದು? ನನ್ನ ಗೊಂಬೆಗೆ ಹಾಕ್ಲಾ?"

ಅದು ಆ ಸೀಲಿನ ಸ್ಪ್ರಿಂಗು.

ಮತ್ತೆ ಎಲ್ಲ ಬಿಚ್ಚಿದೆ. ಇನ್ನೊಂದು ಸೀಲು, ಮತ್ತೆ ಎಣ್ಣೆ. ಈ ಸಲ ಬಲಗಡೆ ಒಂದು ತೊಟ್ಟೂ ಇಲ್ಲ. ನಾಲ್ಕು ದಿನ ಮೀಸೆ ತಿರುವಿಕೊಂಡು ಓಡಾಡಿದೆ. ಐದನೆಯ ದಿನ ಎಡಗಡೆ ಸೋರತೊಡಗಿತು. ಎರಡೂ ಸೀಲು ಒಂದೇ ವಯಸ್ಸಿನವು, ಇದೂ ಹೋಗಿದೆ ಎಂದುಕೊಂಡು ಅದನ್ನೂ ಬದಲಾಯಿಸಿದೆ. ಈಗ ಕೈ ಪಳಗಿತ್ತು, ಸ್ಪ್ರಿಂಗ್ ಎಣಿಸಿಕೊಂಡೇ ಕೂರಿಸಿದೆ. ಮತ್ತೊಂದು ವಾರಕ್ಕೆ ಮುಂದುಗಡೆ, ಪಿನಿಯನ್ ಸೀಲಿನ ಹತ್ತಿರ ಪಸೆ.

ಅಲ್ಲಿ ನಾನು ನಿಂತೆ. ಪಿನಿಯನ್ನಿನ ನಟ್ಟು ಬರೀ ನಟ್ಟಲ್ಲ. ಅದರ ಬಿಗಿತದ ಮೇಲೆ ಒಳಗಿನ ಬೇರಿಂಗ್‌ಗಳ ಒತ್ತಡ ನಿಂತಿರುತ್ತದೆ. ಜಾಸ್ತಿ ಬಿಗಿದರೆ ಒಳಗಿನ ತೆಳು ಕೊಳವೆ ಇನ್ನಷ್ಟು ಜಜ್ಜಿಹೋಗುತ್ತದೆ, ಬೇರಿಂಗು ಕೆಡುತ್ತದೆ. ನನ್ನ ಕೊನೆಯ ಪೆಟ್ಟಿನ ಪ್ರೀತಿ ನನಗೇ ಗೊತ್ತಿದ್ದರಿಂದ ಮತ್ತೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಮೇಲೆ ನೋಡಿದ್ರಾ ಸಾರ್?"

"ದಿನಾ ನೋಡ್ತಾ ಇದ್ದೀನಪ್ಪಾ. ಅವನು ಕಣ್ಣು ಬಿಡ್ತಾ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಸಾರ್, ನಾನು ಹೇಳಿದ್ದು ಡಿಫರೆನ್ಷಿಯಲ್ ಮೇಲೆ. ಬ್ರೀದರ್ ಇರುತ್ತಲ್ಲ, ಅದು."

ಬ್ರೀದರ್ ಅಂದರೆ ಕವಚದ ನೆತ್ತಿಯಲ್ಲಿರುವ ಬೆರಳ ತುದಿಯಷ್ಟು ಟೋಪಿ. ಉಸಿರಾಡುವ ಮೂಗು ಅದು. ಜೋರಾಗಿ ಓಡಿಸಿದರೆ ಒಳಗಿನ ಎಣ್ಣೆ 100 ಡಿಗ್ರಿ ದಾಟುವುದುಂಟು. 20 ಡಿಗ್ರಿಯಲ್ಲಿದ್ದ ಗಾಳಿ ಮುಚ್ಚಿದ ಡಬ್ಬಿಯೊಳಗೆ 100ಕ್ಕೆ ಕಾದರೆ ಒತ್ತಡ ಕಾಲುಭಾಗಕ್ಕೂ ಜಾಸ್ತಿ ಏರುತ್ತದೆ. ಮೂಗು ತೆರೆದಿದ್ದರೆ ಗಾಳಿ ಹೊರಗೆ ಹೋಗುತ್ತದೆ. ಮುಚ್ಚಿದ್ದರೆ ಎಲ್ಲಿ ಸೀಲು ಬಡಪಾಯಿಯೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಬಲಗಡೆ ಗಟ್ಟಿ ಮಾಡಿದರೆ ಎಡಕ್ಕೆ, ಎಡ ಗಟ್ಟಿ ಮಾಡಿದರೆ ಮುಂದಕ್ಕೆ.

ಆಗಷ್ಟೇ ಓಡಿಸಿ ತಂದು ಮತ್ತೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ನುಸುಳಿ, ಕಾಣದ ಜಾಗಕ್ಕೆ ಕೈ ಹಾಕಿ ತಡಕಿದೆ. ಬೆರಳಿಗೆ ಟೋಪಿ ಸಿಕ್ಕಿತು. ನುಣ್ಣಗಿತ್ತು. ದಪ್ಪಗಿತ್ತು. ಎರಡು ಕೋಟ್ ಕಪ್ಪು ಬಣ್ಣ. ಮೇಲೆ ನನ್ನ ಬೆರಳಿನ ಗುರುತು ಬೇರೆ.

ಸ್ಕ್ರೂಡ್ರೈವರಿನ ತುದಿಯಲ್ಲಿ ಕೆರೆದೆ. 'ಸುಸ್ಸ್' ಎಂದು ಒಂದು ವರ್ಷದ ನಿಟ್ಟುಸಿರು ನನ್ನ ಮುಖಕ್ಕೆ ಬಂತು. ಗಂಧಕದ ವಾಸನೆಯ ಸಮೇತ.

ಪಿನಿಯನ್ ಸೀಲಿನ ಪಸೆ ಅಲ್ಲಿಗೇ ನಿಂತಿತು. ವಿಷಯ ತಿಳಿದ ಹೆಂಡತಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದಳು. ಒಂದಲ್ಲ, ಮೂರು ಬರೆ ಹಾಕಿದ್ದೆ. ಬ್ರೀದರ್ ಮೇಲೆ ಬಣ್ಣ ಬಳಿದವರು ಯಾರು ಎಂದೂ ಕೇಳಿದಳು. ಹಳೇ ಮಾಲೀಕ ಇರಬಹುದು ಎಂದೆ. ಅವಳು ಫೋನ್ ತೆಗೆದು ಕಳೆದ ವರ್ಷದ ಫೋಟೋ ತೋರಿಸಿದಳು. ಕಾರಿನ ಕೆಳಗಿನಿಂದ ಹೊರಟ ಎರಡು ಕಾಲು, ಪಕ್ಕದಲ್ಲಿ ಬಣ್ಣದ ಡಬ್ಬಿ.

ಆ ಡಬ್ಬಿಯಲ್ಲಿ ಇನ್ನೂ ಅರ್ಧದಷ್ಟು ಬಣ್ಣ ಉಳಿದಿತ್ತು. ಈಗ ಅದು ಇಟ್ಟಲ್ಲಿ ಇಲ್ಲ. ಎಲ್ಲಿದೆ ಅಂತ ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ.