66 ಕೂಪನ್‌ಗಳಲ್ಲಿ ಒಂದು ವರ್ಷ

ಬಟ್ಟೆ ಕೊಳ್ಳುವುದನ್ನು ಕಡಿಮೆ ಮಾಡಬೇಕು ಅಂತ ಇದಕ್ಕೆ ಮುಂಚೆ ಎಷ್ಟು ಸಲ ತೀರ್ಮಾನ ಮಾಡಿದ್ದೆನೋ ನೆನಪಿಲ್ಲ. ಕಳೆದ ವರ್ಷ ಮಾತ್ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟೆ. ಏನು ಕೊಂಡೆ, ಯಾವ ದಿನ, ಎಷ್ಟು ಹೊತ್ತಿಗೆ, ಆಗ ಮನಸ್ಸು ಹೇಗಿತ್ತು, ಆಮೇಲೆ ಅದನ್ನು ಎಷ್ಟು ಸಲ ಹಾಕಿಕೊಂಡೆ. ಇಷ್ಟೇ. ವರ್ಷ ಮುಗಿಯಿತು. ಪುಟಗಳನ್ನು ತಿರುವಿ ನೋಡುತ್ತಾ ಕೂತಾಗ ಒಂದೆರಡು ವಿಷಯ ಹೇಳಲೇಬೇಕು ಅನ್ನಿಸಿತು.

ಲೆಕ್ಕ ಶುರು ಮಾಡುವ ಮುಂಚೆ ಅದರ ಹಿಂದಿನ ವರ್ಷ ಎಷ್ಟು ಕೊಂಡಿದ್ದೆ ಅಂತ ತಿಳಿಯಬೇಕಿತ್ತು. ಯಾರಾದರೂ ಕೇಳಿದ್ದರೆ ಹನ್ನೆರಡೋ ಹದಿಮೂರೋ ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ. ಫೋನಿನಲ್ಲಿದ್ದ ಹಳೆಯ ಆರ್ಡರ್‌ಗಳು, ಡ್ರಾಯರ್‌ನಲ್ಲಿದ್ದ ಬಿಲ್ಲುಗಳು, ಎಲ್ಲ ಕೂಡಿಸಿದರೆ 31 ಬಂತು. ಮೇಲೆ ತೊಡುವ ಅಂಗಿ, ಟೀ ಶರ್ಟ್‌ಗಳೇ 14. ಅವುಗಳಲ್ಲಿ ಐದು ಎಲ್ಲಿವೆ ಅಂತ ಬೀರು ತೆರೆದು ಹುಡುಕಬೇಕಾಯಿತು. ಎರಡು ಸಿಗಲೇ ಇಲ್ಲ. ದುಡ್ಡು ಕೊಟ್ಟು ತಂದ ವಸ್ತು ಮನೆಯಲ್ಲಿ ಇದೆಯೋ ಇಲ್ಲವೋ ಎನ್ನುವುದೇ ಗೊತ್ತಿಲ್ಲದ ಸ್ಥಿತಿಗೆ ನಾನು ಬಂದಿದ್ದೇನಲ್ಲ ಅಂತ ಆ ದಿನ ನಿಜಕ್ಕೂ ಸಂಕಟವಾಯಿತು.

‘ಕಡಿಮೆ’ ಅಂದರೆ ಎಷ್ಟು? ಇದಕ್ಕೆ ಒಂದು ಅಳತೆ ಬೇಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಇದ್ದದ್ದು ನೆನಪಾಯಿತು. 1941ರ ಜೂನ್ 1ರಂದು, ಒಂದು ಭಾನುವಾರ, ಅಲ್ಲಿನ ಸರ್ಕಾರ ಅದನ್ನು ದಿಢೀರನೆ ಜಾರಿಗೆ ತಂದಿತು. ಮೊದಲೇ ಸುಳಿವು ಕೊಟ್ಟಿದ್ದರೆ ಜನ ಅಂಗಡಿಗಳಿಗೆ ಮುಗಿಬೀಳುತ್ತಿದ್ದರು. ಬಟ್ಟೆಯ ಕೂಪನ್ ಪುಸ್ತಕ ಅಚ್ಚಾಗಿರಲಿಲ್ಲ, ಹಾಗಾಗಿ ಆಹಾರದ ಪಡಿತರ ಪುಸ್ತಕದಲ್ಲಿ ಬಳಸದೆ ಉಳಿದಿದ್ದ ಮಾರ್ಗರೀನ್ (ಬೆಣ್ಣೆಯ ಬದಲಿಗೆ ಬಳಸುವ ಕೊಬ್ಬು) ಕೂಪನ್‌ಗಳನ್ನೇ ಮೊದಲಿಗೆ ಬಟ್ಟೆಗೆ ಕೊಡಿ ಅಂದರು. ಒಬ್ಬರಿಗೆ ಮೊದಲ ವರ್ಷಕ್ಕೆ 66 ಕೂಪನ್. ಹೆಂಗಸರ ಉಣ್ಣೆಯ ಉಡುಪಿಗೆ 11, ಬೇರೆ ಬಟ್ಟೆಯದಾದರೆ 7. ಬ್ಲೌಸ್ ಅಥವಾ ಸ್ವೆಟರ್‌ಗೆ 5. ಶೂ ಜೋಡಿಗೆ 5, ಕಾಲುಚೀಲಕ್ಕೆ 2. ದುಡ್ಡನ್ನು ಬೇರೆ ಕೊಡಬೇಕು. ಕೂಪನ್ ಇಲ್ಲದಿದ್ದರೆ ದುಡ್ಡಿದ್ದರೂ ಬಟ್ಟೆ ಇಲ್ಲ. ಮುಂದಿನ ವರ್ಷಗಳಲ್ಲಿ ಈ 66 ಇನ್ನೂ ಇಳಿಯಿತು, ಯುದ್ಧ ಮುಗಿದು ನಾಲ್ಕು ವರ್ಷದವರೆಗೆ, ಅಂದರೆ 1949ರವರೆಗೆ, ಪದ್ಧತಿ ಹಾಗೇ ಇತ್ತು.

ಆ ಜನಕ್ಕೆ ಬಟ್ಟೆ ಸಾಲದೆ ಕೂಪನ್ ಬಂತು, ನನಗೆ ಬಟ್ಟೆ ಹೆಚ್ಚಾಗಿ ಅದೇ ಕೂಪನ್ ಬೇಕಾಯಿತು. ಅವರ ಕಷ್ಟವನ್ನು ನನ್ನದಕ್ಕೆ ಹೋಲಿಸುತ್ತಿಲ್ಲ. ಯುದ್ಧದ ನಡುವೆಯೂ ಒಬ್ಬ ಮನುಷ್ಯ ಇಷ್ಟರಲ್ಲಿ ವರ್ಷ ಕಳೆಯಬಲ್ಲ ಅಂತ ಒಂದು ಸರ್ಕಾರ ಕೂತು ಲೆಕ್ಕ ಹಾಕಿತ್ತಲ್ಲ, ಆ ಅಂಕಿ ನನಗೆ ಬೇಕಾಗಿತ್ತು. ಪ್ಯಾಂಟ್‌ಗೆ 8, ಜಾಕೆಟ್‌ಗೆ 11 ಅಂತ ಹಾಕಿಕೊಂಡು ನನ್ನ ಆ 31 ಬಟ್ಟೆಗಳನ್ನು ಕೂಪನ್‌ಗೆ ಇಳಿಸಿದೆ. 171 ಆಯಿತು.

ಈಗ ಕಳೆದ ವರ್ಷದ ಪುಟಗಳಿಗೆ ಬರುತ್ತೇನೆ. ಹೊಸದಾಗಿ ಕೊಂಡದ್ದು ಹತ್ತು: ನಾಲ್ಕು ಅಂಗಿ, ಒಂದು ಪ್ಯಾಂಟ್, ಒಂದು ಸ್ವೆಟರ್, ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ, ಒಂದು ಜಾಕೆಟ್. ಒಟ್ಟು 53 ಕೂಪನ್. 66ರೊಳಗೇ ಮುಗಿದಿದೆ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಗೆದ್ದೆ ಅನ್ನಬಹುದು.

ಆದರೆ ಅದೇ ಪುಸ್ತಕದ ಕೊನೆಯ ಪುಟದಲ್ಲಿ ಇನ್ನೂ ಆರು ಬಟ್ಟೆಗಳಿವೆ. ಬ್ರಿಟನ್ನಿನ ಪದ್ಧತಿಯಲ್ಲಿ ಯಾರೋ ಬಳಸಿದ ಬಟ್ಟೆ ಕೊಂಡರೆ ಕೂಪನ್ ಬೇಕಿರಲಿಲ್ಲ. ನಾನೂ ಆ ನಿಯಮ ಇಟ್ಟುಕೊಂಡೆ. ಮಾರ್ಚ್ ಹೊತ್ತಿಗೆ ಹಳೆಯ ಬಟ್ಟೆ ಮಾರುವ ಆ್ಯಪ್‌ಗಳನ್ನು ಇಳಿಸಿಕೊಂಡು, ಹೊಸ ಅಂಗಡಿಗಳ ಮುಂದೆ ಕಳೆಯುತ್ತಿದ್ದ ಹೊತ್ತನ್ನು ಅಲ್ಲಿ ಕಳೆಯತೊಡಗಿದೆ. ಯಾರೋ ಬಿಸಾಡುವುದನ್ನು ಉಳಿಸುತ್ತಿದ್ದೇನೆ ಎನ್ನುವ ಸಮಾಧಾನ ಬೇರೆ. ಆರರಲ್ಲಿ ಎರಡನ್ನು ವಾರವಾರವೂ ಹಾಕಿಕೊಳ್ಳುತ್ತೇನೆ. ಉಳಿದ ನಾಲ್ಕು ಒಬ್ಬರ ಬೀರುವಿನಿಂದ ಇನ್ನೊಬ್ಬರ ಬೀರುವಿಗೆ ಬಂದು ಕೂತಿವೆ, ಅಷ್ಟೇ. ಹಳೆಯದನ್ನು ಕೊಳ್ಳುವುದು ಒಳ್ಳೆಯದು ಅಂತ ಈಗಲೂ ನಂಬುತ್ತೇನೆ, ಅದು ಹೊಸದರ ಜಾಗಕ್ಕೆ ಬಂದಾಗ. ನನ್ನ ಮನೆಗೆ ಅದು ಹೊಸದರ ಜೊತೆಗೆ ಬಂತು.

ಜಾಕೆಟ್ಟಿನ ವಿಷಯ ಇದಕ್ಕಿಂತ ಕಷ್ಟದ್ದು. ನವೆಂಬರ್ ಕೊನೆಗೆ 42 ಕೂಪನ್ ಖರ್ಚಾಗಿ 24 ಉಳಿದಿತ್ತು. ಇಷ್ಟು ದಿನ ಹಿಡಿತದಲ್ಲಿದ್ದೆನಲ್ಲ, ಉಳಿದದ್ದನ್ನು ಬಳಸಿಕೊಳ್ಳುವ ಹಕ್ಕಿದೆ ಎನ್ನುವ ಭಾವನೆ ಮೆಲ್ಲಗೆ ಬಂತು. ವರ್ಷ ಮುಗಿದರೆ ಕೂಪನ್ ವ್ಯರ್ಥ! ನಾನೇ ಕಾಗದದ ಮೇಲೆ ಬರೆದುಕೊಂಡ ಅಂಕಿ ಅದು, ಆದರೂ ಕೈಬಿಟ್ಟು ಹೋಗುವ ಆಸ್ತಿಯ ಹಾಗೆ ಕಾಡಿತು. ಡಿಸೆಂಬರ್ ಎರಡನೇ ವಾರ ಸಾಸಿವೆ ಬಣ್ಣದ ಜಾಕೆಟ್ ತಂದೆ. ಎರಡು ಸಲ ಹಾಕಿದ್ದೇನೆ. ಮಿತಿಗೆಂದು ಇಟ್ಟುಕೊಂಡ ಗೆರೆಯೇ ಗುರಿಯಾಗಿಬಿಟ್ಟಿತು. ತಿಂಗಳಿಗೆ ಇಷ್ಟೇ, ವರ್ಷಕ್ಕೆ ಇಷ್ಟೇ ಅಂತ ನಿಯಮ ಹಾಕಿಕೊಂಡಿರುವ ಗೆಳೆಯರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸಿತು. ಉಳಿದದ್ದನ್ನು ಉಳಿಯಲು ಬಿಡಿ, ಅದು ನಿಮಗೆ ಯಾರೂ ಕೊಡಬೇಕಾದ ಬಾಕಿ ಅಲ್ಲ.

ಕೂಪನ್‌ಗಿಂತ ಉಪಯೋಗಕ್ಕೆ ಬಂದದ್ದು ಪಕ್ಕದ ಎರಡು ಕಾಲಂಗಳು, ಹೊತ್ತು ಮತ್ತು ಮನಸ್ಸು. ಹೊಸದು ಹಳೆಯದು ಸೇರಿ 16 ಬಟ್ಟೆಗಳಲ್ಲಿ 9ನ್ನು ಕೊಂಡದ್ದು ರಾತ್ರಿ ಹತ್ತರ ನಂತರ. ಮನಸ್ಸಿನ ಕಾಲಂನಲ್ಲಿ ಹೆಚ್ಚಾಗಿ ಒಂದೇ ಪದ: ‘ದಣಿವು’. ಇನ್ನೂ ಒಂದು ವಿಷಯ ಸಾಲುಗಳನ್ನು ಒಟ್ಟಿಗೆ ಓದಿದಾಗಲಷ್ಟೇ ಕಂಡಿತು. ನಾಲ್ಕು ಜನ ನನ್ನನ್ನು ನೋಡುವ ಸಂದರ್ಭ ಮುಂದಿದ್ದಾಗೆಲ್ಲ ಕೊಂಡಿದ್ದೇನೆ. ಒಂದು ಮುಖ್ಯ ಮೀಟಿಂಗ್, ಹಳೆಯ ಗೆಳತಿಯರ ಭೇಟಿ, ತುಂಬ ದಿನದಿಂದ ನೋಡದ ನೆಂಟರ ಮನೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆಯೇ ಇದೆ. ಈ ಗಾದೆಯನ್ನು ಇಷ್ಟು ವರ್ಷ ಪ್ರಶ್ನೆಯೇ ಮಾಡದೆ ಪಾಲಿಸಿದ್ದೇನೆ.

ಗೆಳತಿಯರ ಭೇಟಿಗೆಂದು ಕೊಂಡ ಹೂವಿನ ಪ್ರಿಂಟಿನ ಅಂಗಿಯ ಮುಂದೆ ‘1 ಸಲ’ ಅಂತ ಇದೆ. ಆರು ತಿಂಗಳಾದ ಮೇಲೆ, ಅವತ್ತು ಪಕ್ಕದಲ್ಲೇ ಕೂತಿದ್ದ ಗೆಳತಿಯನ್ನು ಕೇಳಿದೆ, “ಏ, ಅವತ್ತು ನಾನು ಏನು ಹಾಕಿಕೊಂಡಿದ್ದೆ ನೆನಪಿದೆಯೇನೇ?” ಅವಳಿಗೆ ನೆನಪಿರಲಿಲ್ಲ. ಆಮೇಲೆ ಹೊಳೆಯಿತು, ಅವಳು ಏನು ತೊಟ್ಟಿದ್ದಳು ಅಂತ ನನಗೂ ನೆನಪಿಲ್ಲ. ಅವಳು ತನ್ನ ಅಮ್ಮನ ಕಾಯಿಲೆಯ ಬಗ್ಗೆ ಹೇಳಿದ್ದು, ಹೇಳುವಾಗ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತಲೇ ಇದ್ದದ್ದು, ಅದೆಲ್ಲ ಅಚ್ಚೊತ್ತಿದ ಹಾಗಿದೆ. ಆ ಭೇಟಿಗೆ ಮುಂಚಿನ ಮೂರು ರಾತ್ರಿ ನಾನು ಅಂಗಿ ಹುಡುಕುತ್ತಾ ಕಳೆದಿದ್ದೆ. ಅವುಗಳಲ್ಲಿ ಒಂದು ರಾತ್ರಿ ಅವಳಿಗೆ ಫೋನ್ ಮಾಡಿ ‘ಹೇಗಿದ್ದೀಯೇ’ ಅಂತ ಕೇಳಿದ್ದರೆ ಆಗುತ್ತಿತ್ತು.

ಉಳಿದ ಮೂರು ಅಂಗಿಗಳದ್ದು ಬೇಗ ಹೇಳಿ ಮುಗಿಸುತ್ತೇನೆ. ಬಿಳಿಯದನ್ನು ತಂದಾಗ ಮನೆಯಲ್ಲಿ ಮೂರು ಬಿಳಿ ಅಂಗಿಗಳಿದ್ದವು. ಕಡುನೀಲಿಯದು, ನನಗೆ ಬಹಳ ಇಷ್ಟವಾದ ಒಂದು ಅಂಗಿಯ ಇನ್ನೊಂದು ಬಣ್ಣ, 4 ಸಲ ಹಾಕಿದ್ದೇನೆ. ಇಷ್ಟದ್ದು ಸಿಕ್ಕಿತು ಅಂತ ಇನ್ನೊಂದು ಬಣ್ಣದಲ್ಲೂ ಕೊಂಡರೆ ಇಷ್ಟ ದುಪ್ಪಟ್ಟಾಗುವುದಿಲ್ಲ, ಮೊದಲಿನದೇ ಮತ್ತೆ ಮತ್ತೆ ಕೈಗೆ ಬರುತ್ತದೆ. ನಾಲ್ಕನೆಯದು ಬೂದು ಬಣ್ಣದ್ದು. ಕಾಲರ್ ಹರಿದು ಎಳೆ ಬಿಟ್ಟಿದ್ದ ಹಳೆಯ ಅಂಗಿಯ ಬದಲಿಗೆ, ಹಾಡುಹಗಲು ಅಂಗಡಿಗೆ ಹೋಗಿ, ಬೆಳಕಿಗೆ ಹಿಡಿದು, ಹೊಲಿಗೆ ಎಳೆದು ನೋಡಿ ತಂದದ್ದು. 38 ಸಲ.

ಪ್ಯಾಂಟಿನ ಬಗ್ಗೆ ಮಾತ್ರ ನನಗೆ ಯಾವ ಬೇಸರವೂ ಇಲ್ಲ. ಕಾಯಿಲೆ ಬಿದ್ದು ಎದ್ದ ಮೇಲೆ ನನ್ನ ಮೈ ಬದಲಾಗಿತ್ತು. ಹಳೆಯ ಪ್ಯಾಂಟುಗಳು ಸೊಂಟಕ್ಕೆ ಹತ್ತುತ್ತಿರಲಿಲ್ಲ. ಕೊಳ್ಳಬಾರದು ಎನ್ನುವ ಹಟಕ್ಕೆ ಎರಡು ತಿಂಗಳು ಉಸಿರು ಬಿಗಿಹಿಡಿದು ಅವನ್ನೇ ಹಾಕಿಕೊಂಡೆ. ಸಂಜೆಗೆ ಹೊಟ್ಟೆಯ ಮೇಲೆ ಗುಂಡಿಯ ಗುರುತು ಮೂಡುತ್ತಿತ್ತು. ಅದು ತ್ಯಾಗವಲ್ಲ, ನನ್ನ ಮೈಗೆ ನಾನೇ ಕೊಟ್ಟ ಶಿಕ್ಷೆ. ಕೊಳ್ಳುಬಾಕತನದ ವಿರುದ್ಧ ಮಾತಾಡುವಾಗ ನಾವು ಇದನ್ನು ಮರೆಯಬಾರದು. ಹೆರಿಗೆಯ ನಂತರ, ಕಾಯಿಲೆಯ ನಂತರ, ವಯಸ್ಸಾಗುತ್ತಾ ಮೈ ಬದಲಾದಾಗ ಅಳತೆಗೆ ಸರಿಯಾದ ಬಟ್ಟೆ ಕೊಳ್ಳುವವರ ಮೇಲೆ ಯಾರೂ ಅಪರಾಧದ ಭಾರ ಹೊರಿಸಬಾರದು.

ಇನ್ನು ಬಟ್ಟೆಯನ್ನೇ ಅರಿಯುವ ವಿಷಯ. ನನ್ನ ಜೀನ್ಸ್ ಮಂಡಿಯ ಹತ್ತಿರ ಯಾಕೆ ಜೋಲು ಬೀಳುತ್ತದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಿಗ್ಗುವ ಬಟ್ಟೆಯಲ್ಲಿ ಎಲಾಸ್ಟೇನ್ ಎಳೆ ಇರುತ್ತದೆ, ಬಿಸಿಗೆ ಅದರ ಬಿಗಿ ಸಡಿಲವಾಗುತ್ತಾ ಹೋಗುತ್ತದೆ. ನಾನು ಪ್ರತಿ ಸಲ ಬಿಸಿ ನೀರಿನಲ್ಲಿ ಒಗೆದು, ಮೇಲೆ ಬಿಸಿ ಇಸ್ತ್ರಿ ಒತ್ತಿ ಅದನ್ನು ನನ್ನ ಕೈಯಾರೆ ಕೊಲ್ಲುತ್ತಿದ್ದೆ. ಬಟ್ಟೆಯ ಮೇಲೆ ಏಳುವ ಸಣ್ಣ ನೂಲುಂಡೆಗಳದ್ದೂ ಹೀಗೇ ಒಂದು ಕಾರಣ. ಬರೀ ಹತ್ತಿಯದಾದರೆ ಉಂಡೆ ಕಟ್ಟಿದರೂ ಎಳೆ ತುಂಡಾಗಿ ಉದುರಿ ಹೋಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಆ ಗಟ್ಟಿ ಎಳೆ ಉಂಡೆಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಬಟ್ಟೆ ಹಾಳಾಯಿತು ಅಂತ ಬಿಸಾಡಿದ ಎಷ್ಟೋ ಸ್ವೆಟರ್‌ಗಳು ಹಾಳಾಗಿರಲಿಲ್ಲ, ಉಂಡೆ ಕತ್ತರಿಸಿದ್ದರೆ ಸಾಕಿತ್ತು. ಈಗ ತಣ್ಣೀರು, ಒಳಮೈ ಹೊರಗೆ ಮಾಡಿ ಒಗೆಯುವುದು, ನೆರಳಲ್ಲಿ ಒಣಹಾಕುವುದು. ಸ್ವೆಟರ್‌ನ ಮೊಣಕೈ ತೂತನ್ನು ನೂಲಿನಿಂದ ಅಡ್ಡ ಉದ್ದ ನೇಯ್ದು ತುಂಬಲು ಕಲಿತೆ. ಮೊದಲ ಸಲ ಸುಕ್ಕುಗಟ್ಟಿತು, ಬಿಚ್ಚಿ ಮತ್ತೆ ಮಾಡಿದೆ. ಹೀಗೆ ಕೈಯಾರೆ ನೋಡಿಕೊಂಡ ಬಟ್ಟೆಯ ಬದಲಿಗೆ ಇನ್ನೊಂದು ತರೋಣ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ನಿಯಮಗಳು ಮಾಡದ ಕೆಲಸವನ್ನು ಈ ಸೂಜಿ ಮಾಡಿತು.

ಇದು ಬರೀ ನನ್ನ ಬೀರುವಿನ ಕಥೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿದು 1,134 ಜನ ಸತ್ತರು. ಅದರಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದವು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಕೆಳಗಿನ ಮಹಡಿಯ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಿದರು. ಹೊರದೇಶದ ಆರ್ಡರ್‌ಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಬೇಕಿತ್ತು. ಈ ಆತುರ ಎಲ್ಲಿಂದ ಹುಟ್ಟುತ್ತದೆ ಅಂತ ಯೋಚಿಸಿದಾಗ ರಾತ್ರಿ ಹತ್ತರ ನಂತರದ ನನ್ನ ಆ ಒಂಬತ್ತು ಆರ್ಡರ್‌ಗಳನ್ನು ಬದಿಗಿಟ್ಟು ಮಾತಾಡಲು ನನಗೆ ಆಗುವುದಿಲ್ಲ.

ಬೇಡವಾದದ್ದನ್ನು ದಾನ ಮಾಡಿದರೆ ಆಯಿತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಕೊಟ್ಟ ಬಟ್ಟೆಗಳಲ್ಲಿ ಬಹಳಷ್ಟು ಮೂಟೆ ಕಟ್ಟಿಸಿಕೊಂಡು ಹಡಗು ಹತ್ತುತ್ತವೆ. ಘಾನಾದ ಅಕ್ರಾ ನಗರದ ಕಾಂತಮಾಂತೊ ಮಾರುಕಟ್ಟೆಯ ವ್ಯಾಪಾರಿಗಳು ಒಳಗೇನಿದೆ ಅಂತ ನೋಡದೆಯೇ ಮೂಟೆ ಕೊಳ್ಳಬೇಕು. ಬಿಚ್ಚಿದಾಗ ಹರಿದದ್ದು, ಕಲೆಯಾದದ್ದು ಬಂದರೆ ನಷ್ಟ ಅವರದು. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಮಾರಾಟವಾಗದ ಬಟ್ಟೆಗಳ ಗುಡ್ಡೆಗಳೇ ಬಿದ್ದಿವೆ. ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ ಎಂಬ ಸಂಸ್ಥೆ 2017ರ ವರದಿಯಲ್ಲಿ ಹೇಳಿದ ಪ್ರಕಾರ, ಅದಕ್ಕೆ ಹಿಂದಿನ ಹದಿನೈದು ವರ್ಷಗಳಲ್ಲಿ ಜಗತ್ತಿನ ಬಟ್ಟೆ ಉತ್ಪಾದನೆ ಸುಮಾರು ದುಪ್ಪಟ್ಟಾಗಿದೆ, ಒಂದು ಬಟ್ಟೆಯನ್ನು ಬಿಸಾಡುವ ಮುಂಚೆ ಹಾಕಿಕೊಳ್ಳುವ ಸಲ 36 ಶೇಕಡಾ ಕಡಿಮೆಯಾಗಿದೆ. ನನ್ನ ಪುಸ್ತಕದ ಆ ‘1 ಸಲ’, ‘4 ಸಲ’ ಈ ಅಂಕಿಯ ಒಳಗೇ ಇವೆ.

ಹಾಗಂತ ಎಲ್ಲ ಹೊಣೆಯನ್ನೂ ಕೊಳ್ಳುವವರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ತಯಾರಿಸಿ, ಮಾರಾಟವಾಗದಿದ್ದರೆ ಸುಟ್ಟುಬಿಡುವ ಪದ್ಧತಿಯೇ ಈ ಉದ್ಯಮದಲ್ಲಿ ಇತ್ತು. ಫ್ರಾನ್ಸ್ 2020ರಲ್ಲಿ ಕಾನೂನು ಮಾಡಿ, 2022ರಿಂದ ಮಾರಾಟವಾಗದ ಬಟ್ಟೆಗಳನ್ನು ನಾಶ ಮಾಡಬಾರದು ಅಂದಿತು. ಇಂಥದ್ದು ಎಲ್ಲ ಕಡೆ ಬರಬೇಕು. ನಾನೊಬ್ಬಳು ಅಂಗಿ ಕೊಳ್ಳದಿದ್ದರೆ ಯಾವ ಕಾರ್ಖಾನೆಯ ಗೋಡೆಯೂ ಗಟ್ಟಿಯಾಗುವುದಿಲ್ಲ, ಇದು ನನಗೆ ಗೊತ್ತು. ಆದರೂ, ಯಾರೋ ಒಬ್ಬಳು ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂತು ಹೊಲಿದ ಅಂಗಿಯನ್ನು ಒಂದೇ ಸಲ ಹಾಕಿ ಹ್ಯಾಂಗರ್‌ಗೆ ನೇತುಹಾಕಿದ್ದೇನೆ ಎನ್ನುವುದನ್ನು ಯಾವ ಕಾನೂನೂ ನನ್ನ ಬದಲಿಗೆ ಸರಿಮಾಡುವುದಿಲ್ಲ.

ಸಾಸಿವೆ ಬಣ್ಣದ ಜಾಕೆಟ್ಟನ್ನು ತಂಗಿಗೆ ತೋರಿಸಿದೆ. “ಅಕ್ಕಾ, ನಿನಗೆ ಬೇಡ ಅಂತ ನನಗೆ ದಾಟಿಸಬೇಡ, ನಿಜವಾಗಿ ಬೇಕು ಅನ್ನಿಸಿದರೆ ಮಾತ್ರ ತಗೋತೀನಿ” ಅಂದಳು. ಹಾಕಿ ನೋಡಿದಳು, ಯೋಚಿಸಿದಳು, ಬೇಡ ಅಂದಳು. ಹಾಗಾಗಿ ಅದು ನನ್ನಲ್ಲೇ ಇದೆ. ಈ ವರ್ಷ ನಾನೇ ಹಾಕಿಕೊಳ್ಳುತ್ತೇನೆ.

ಹೊಸ ಪುಸ್ತಕದಲ್ಲಿ ಕೂಪನ್ ಕಾಲಂ ತೆಗೆದುಹಾಕಿದ್ದೇನೆ. ಮೊದಲ ಪುಟಗಳಲ್ಲಿ ಈಗಾಗಲೇ ಮನೆಯಲ್ಲಿರುವ ಬಟ್ಟೆಗಳ ಹೆಸರು, ಎದುರಿಗೆ ಹಾಕಿಕೊಂಡ ಸಲ, ಮಾಡಿದ ರಿಪೇರಿ. ಬೂದು ಅಂಗಿ 44ಕ್ಕೆ ಬಂದಿದೆ, ಎರಡನೇ ಗುಂಡಿ ಮತ್ತೆ ಹೊಲಿದಿದ್ದೇನೆ. ಜಾಕೆಟ್ 5. ಹಳೆಯ ಜೀನ್ಸ್ ತೊಡೆಯ ಹತ್ತಿರ ಸವೆದು ತೂತಾಗಿತ್ತು, ಒಳಗಿನಿಂದ ತೇಪೆ ಹಾಕಿದೆ. ಇನ್ನು ಐದಾರು ತಿಂಗಳು ಬರಬಹುದು. ಆಮೇಲೆ ಒಂದು ಜೀನ್ಸ್ ಕೊಳ್ಳಬೇಕು, ಹಗಲು ಹೊತ್ತಿನಲ್ಲಿ ಹೋಗಿ.