ಯಮನ್ ಆದಮೇಲೆ ಭೈರವ್, ಬಲಾಡ್ ಆದಮೇಲೆ?

ಚೆನ್ನೈಗೆ ಬಂದು ಹದಿನಾರು ವರ್ಷ ಆಯಿತು. ಇಲ್ಲಿ ಪಿಯಾನೋ ನುಡಿಸುವವರು ಸಿಕ್ಕರೆ ಮೊದಲು ಕೇಳುವುದು 'ಈಗ ಯಾವ ಪೀಸ್?' ಅಂತ. ಹೆಸರು ಹೇಳಿದ ಕೂಡಲೇ ತೂಕ ಹಾಕಿಬಿಡುತ್ತಾರೆ. ಶೋಪಾನ್‌ನ ಮೊದಲ ಬಲಾಡ್ (ಕಥೆ ಹೇಳುವಂಥ ಉದ್ದನೆಯ ಪಿಯಾನೋ ಪೀಸು) ಮುಗಿಸಿದವನು ಇನ್ನೂ ಕಷ್ಟದ ನಾಲ್ಕನೆಯದಕ್ಕೆ ಹೋಗಬೇಕು, ಅಲ್ಲಿಂದ ಫ್ರಾಂಟ್ಸ್ ಲಿಸ್ಟ್‌ನ ಬಿ ಮೈನರ್ ಸೊನಾಟಾಕ್ಕೆ. ಪರೀಕ್ಷೆಯ ಗ್ರೇಡುಗಳು ಮುಗಿದರೂ ಗ್ರೇಡಿನ ಚಟ ಬಿಡುವುದಿಲ್ಲ, ಅಲ್ವಾ? ನಾನೂ ಹಾಗೆ ಹತ್ತಿದವನೇ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ ಪಕ್ಕ ಒಬ್ಬ ಅಜ್ಜ ಇದ್ದಾರೆ. ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ಬಾರಿಸಿದವರು. ಚಿಕ್ಕವನಿದ್ದಾಗ ನನಗೆ ಯಮನ್ ರಾಗ ಕಲಿಸಿದರು. ಆಮೇಲೆ ಇನ್ನೂ ಕಷ್ಟದ ಯಮನ್ ಕೊಡಲಿಲ್ಲ, ಭೈರವ್ ಕೊಟ್ಟರು. ಬೇರೆ ಸ್ವರ, ಬೇರೆ ಹೊತ್ತು, ಬೇರೆ ಮನಸ್ಸು. (ಯಮನ್‌ಗೇ ಎರಡು ವರ್ಷ ಹಿಡಿದರು. ಅದು ಜಾಸ್ತಿಯಾಯಿತು ಅಂತ ಈಗಲೂ ನನ್ನ ತಕರಾರು.)

ಹೋದ ಮೇ ತಿಂಗಳು ಡಿಜಿಟಲ್ ಪಿಯಾನೋ ಹೊತ್ತುಕೊಂಡು ಊರಿಗೆ ಹೋಗಿದ್ದೆ. ಕೋಟೆ ಗುಡ್ಡ ಕಾದ ಹೆಂಚಿನಂತಿತ್ತು. ಅಜ್ಜನಿಗೆ ಮೊದಲ ಬಲಾಡ್ ಕೇಳಿಸಿದೆ. ಕೊನೆಯ ಪ್ರೆಸ್ಟೋ, ಅಂದರೆ ಅತಿವೇಗದ ಭಾಗ, ಬಂದಾಗ ಬೆವರಿಗೆ ಬೆರಳು ಜಾರುತ್ತಿತ್ತು. ಮುಗಿಸಿ ತಿರುಗಿದರೆ, 'ಅದ್ಯಾಕಪ್ಪಾ ಅಷ್ಟು ಓಡ್ತೀ? ಯಾರರ ಬೆನ್ನು ಹತ್ಯಾರೇನು?'

ಸುಮ್ನೆ ಬ್ರಾಮ್ಸ್ ಹಿಡಿದೆ. 1893ರ ಆರು ಪೀಸುಗಳ ಗುಚ್ಛ, ಓಪಸ್ (ಕೃತಿ ಸಂಖ್ಯೆ) 118. ಪಿಯಾನೋ ವಾದಕಿ ಕ್ಲಾರಾ ಶೂಮನ್‌ಗೆ ಅರ್ಪಿಸಿದ್ದು. ಅದರಲ್ಲಿ ಎರಡನೆಯದು, ಎ ಮೇಜರ್ ಇಂಟರ್‌ಮೆಟ್ಸೋ, ಒಂದು ಚಿಕ್ಕ ಪೀಸು. ಎರಡು ಸಾಲು ದಾಟುವುದರೊಳಗೆ ಅಜ್ಜ ಗುನುಗತೊಡಗಿದರು: 'ಗ ರೆ ಮ... ಗ ರೆ ಸಾ, ಮೇಲಿನ ಸಾ. ಬಿಳಿ ಆರು ಅಲ್ಲೇನು?' ಹೌದು, ಸಾ ಇದ್ದದ್ದು ಆರನೇ ಬಿಳಿ ಕೀಲಿಯಲ್ಲೇ, ಎ ಅಂದರೆ ಅದೇ. ಅಷ್ಟೇ. ಮೂರು ಸ್ವರ, ಮತ್ತೆ ಮೂರು ಸ್ವರ. ಇಡೀ ಪೀಸು ಅದನ್ನೇ ತಿರುವಿ ಮುರುವಿ ನೋಡುತ್ತದೆ. ಇದರಲ್ಲಿ ವೇಗವಿಲ್ಲ. ಆದರೆ ಕಿರುಬೆರಳು ಹಾಡುವಾಗ ಅದೇ ಕೈಯ ಹೆಬ್ಬೆರಳು ಮೆತ್ತಗಿರಬೇಕು, ಒಳದನಿ ಬಂದಾಗ ಅದೇ ಹೆಬ್ಬೆರಳು ಹಾಡಬೇಕು. ಬಲಾಡ್ ನುಡಿಸಿದ ನನ್ನ ಕೈಗೆ ಇದು ಗೊತ್ತೇ ಇರಲಿಲ್ಲ.

ಹಾಗಾಗಿ ಈಗ ನಾನು ಪೀಸು ಆರಿಸುವುದು ಅಜ್ಜನ ದಾರಿಯಲ್ಲಿ. ಕೈಗೆ ಬರುವ ಬಗೆಯದ್ದರಲ್ಲೇ ಇನ್ನೂ ಕಷ್ಟದ್ದನ್ನಲ್ಲ, ಕೈಗೆ ಬಾರದ ಬೇರೆ ಬಗೆಯದ್ದನ್ನು. ಶೋಪಾನ್ ಜಾಸ್ತಿಯಾಗಿದ್ದರೆ ರಾಬರ್ಟ್ ಶೂಮನ್‌ನ ಕ್ರೈಸ್ಲೆರಿಯಾನಾ. ಎಂಟು ತುಣುಕು, ಗಳಿಗೆಗೊಂದು ಮನಸ್ಸು. ಬರೀ ಕವಿತೆಯಂಥದ್ದೇ ನುಡಿಸಿದವರಿಗೆ ಮೆಂಡೆಲ್ಸನ್‌ನ 1841ರ ವೇರಿಯೇಷನ್ಸ್ ಸೀರಿಯೂಸ್. ಒಂದೇ ಥೀಮ್, ಹದಿನೇಳು ವೇಷ.

ಇನ್ನು ಮೆಟ್ನರ್. ರಷ್ಯಾದ ಸಂಗೀತಕಾರ, ಲಂಡನ್ನಿನಲ್ಲಿ 1951ರಲ್ಲಿ ತೀರಿಕೊಂಡ. ಕಾಲದಲ್ಲಿ ತಡವಾಗಿ ಬಂದರೂ ಮನಸ್ಸಿನಲ್ಲಿ ಪಕ್ಕಾ ರೊಮ್ಯಾಂಟಿಕ್, ಶೋಪಾನ್, ಶೂಮನ್‌ರ ಪಂಥದವನು. ಅವನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಮೂರನೇ ಪಿಯಾನೋ ಕನ್ಸರ್ಟೋವನ್ನು ಅವನು ಅವರಿಗೇ ಅರ್ಪಿಸಿದ. 'ನಮ್ಮ' ಅಂದೆನಲ್ಲ, ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು! ಮೈಸೂರಿಗೆ ಬಂದದ್ದು 1953ರಲ್ಲಿ. ಚೆನ್ನೈಯಲ್ಲಿ ಇದನ್ನು ಹೇಳಿದರೆ ಗೆಳೆಯರು ನಗುತ್ತಾರೆ. ಮೆಟ್ನರ್ ಹೆಸರು ಹೇಳಿದರೆ ಮಾತ್ರ ಬಹಳ ಜನ ಮುಖ ನೋಡುತ್ತಾರೆ.

'ಕಥೆ' ಅಂತ ಅವನು ಹೆಸರಿಟ್ಟ ಪಿಯಾನೋ ಪೀಸುಗಳಲ್ಲಿ ಒಂದನ್ನು ಈಗ ಹಿಡಿದಿದ್ದೇನೆ, ಓಪಸ್ 20ರ ಮೊದಲನೆಯದು. ಚಿಕ್ಕದು, ಬಿ ಫ್ಲ್ಯಾಟ್ ಮೈನರ್. ಮೊನ್ನೆ ಫೋನಿನಲ್ಲಿ ಅಜ್ಜನಿಗೆ ಹೇಳಿದೆ, ಈ ಸಲ ಕರಿ ಐದು ಅಂತ.

'ಬಾ, ಕೇಳೋಣು' ಅಂದರು. 'ಓಡಬ್ಯಾಡ ಮಾತ್ರ.'